ನಾನು ಬರೆಯದೆ ಬಿಟ್ಟ ಚೀಟಿ

ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿಯ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಪಂಡಿತನಾಗಿದ್ದೆ. ವಾರ್ಷಿಕ ವಸ್ತುಪ್ರದರ್ಶನದ ವಿವರಣೆಯ ಚೀಟಿಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ಆ ಹೊಣೆಯನ್ನು ಅನ್ಯರಿಗೆ ಬಿಟ್ಟುಕೊಟ್ಟವನಲ್ಲ. ಒಂದು ವರ್ಷ ಮಾತ್ರ ಒಂದು ಚೀಟಿಯನ್ನು ಬೇಕೆಂದೇ ಬರೆಯಲಿಲ್ಲ.

ಅದು ಡ್ರಾಯಿಂಗ್ ಮಾಸ್ತರರ ಕೃತಿಯದು. ಜರ್ಮನಿಯ ನಾಜಿಗಳು ಯೆಹೂದಿಗಳನ್ನು ಲಕ್ಷಗಟ್ಟಲೆ ಕೊಂದ ಸಂಗತಿಯನ್ನು ಓದಿ ಅವರು ತಿಂಗಳುಗಟ್ಟಲೆ ಮಂಕಾಗಿದ್ದರು. ಗೋಣಿತಟ್ಟಿಗೆ ಅಡಿಕೆ ಹಾಳೆಗಳನ್ನು ಹೊಲಿದು, ಅಡಿಕೆ ಬೇಯಿಸಿದ ಚೊಗರಿನಿಂದ ಅವಕ್ಕೆ ಒಣಗಿದ ರಕ್ತದ ಬಣ್ಣ ಕಟ್ಟಿದ್ದರು. ಒಂದೊಂದು ಹಾಳೆಯ ಮೇಲೂ, ಯೆಹೂದಿಗಳನ್ನು ಹೀಯಾಳಿಸಲು ಯುರೋಪಿನಲ್ಲಿ ಹಿಂದೆ ಅಚ್ಚು ಹಾಕುತ್ತಿದ್ದಂಥ ಚಿತ್ರ: ಕೊಕ್ಕಿನಂಥ ಮೂಗು, ಉಗುರು ಬೆಳೆದ ಬೆರಳು. ಚಿತ್ರದ ಅರ್ಧವನ್ನು ಹರಿದಿದ್ದರು. ಹರಿದಲ್ಲಿ ಸಾಮಾನ್ಯ ಮನುಷ್ಯನ ಮುಖ ಕಾಣುತ್ತಿತ್ತು. ಕೆಳಗೆ ನೆಲದ ಮೇಲೆ ಹಳೆಯ ಚಪ್ಪಲಿಗಳ ರಾಶಿ.

ಮೂರು ತಿಂಗಳು ಕುಳಿತು ನಾನು ಬರೆದ ಸಂಧಿ-ಸಮಾಸಗಳ ವೃಕ್ಷ ಎದುರಿನ ಗೋಡೆಯಲ್ಲಿತ್ತು. ಶಿವಮೊಗ್ಗದ ಜಿಲ್ಲಾ ಪ್ರದರ್ಶನಕ್ಕೆ ಶಾಲೆಯಿಂದ ಒಂದನ್ನಷ್ಟೇ ಕಳುಹಿಸುವ ಪದ್ಧತಿ; ಆರಿಸುವವರು ಶಾಲಾ ಇನ್ಸ್‌ಪೆಕ್ಟರರು. ಆ ಹಾಳೆಗಳನ್ನು ಕಂಡ ಕ್ಷಣವೇ ನನ್ನ ವೃಕ್ಷ ಒಣಗಿತು.

"ಪಂಡಿತ್ರೇ, ನನ್ ಚೀಟಿ ಬರ್ದಾತೇನ್ರಿ?" ಎಂದು ಮಾಸ್ತರರು ಕೇಳಿದರು.

"ಮಸಿ ಮುಗಿದಿದೆ," ಎಂದೆ. ದೌತಿಯಲ್ಲಿ ಅರ್ಧದಷ್ಟಿತ್ತು.

"ಎಲ್ಲಾ ನಿಮ್ ಗಿಡಕ್ಕೇ ಹುಯ್ದ್ರೇನು?" ಎಂದು ನಕ್ಕು ಹೋದರು.

ಅವರ ಕೃತಿಯಿದ್ದುದು ಬಾಗಿಲ ಪಕ್ಕದಲ್ಲಿ. ಚಪ್ಪಲಿ ಕಂಡಲ್ಲಿ ಚಪ್ಪಲಿ ಬಿಡುವುದು ನಮ್ಮ ಜನರ ರೂಢಿ. ಚೀಟಿಯಿಲ್ಲದ ಆ ರಾಶಿಯಲ್ಲಿ ಬಂದವರೆಲ್ಲ ತಮ್ಮವನ್ನೂ ಬಿಟ್ಟು ಒಳಗೆ ನಡೆದರು. ಮಧ್ಯಾಹ್ನದ ಹೊತ್ತಿಗೆ ರಾಶಿ ಮೊಣಕಾಲೆತ್ತರ ಬೆಳೆದಿತ್ತು. "ಮೂಗ್ ನೋಡಲೇ, ಗಿಣಿ ಇದ್ದಂಗೈತೆ," ಎಂದು ಕೆಲವರು ಚಿತ್ರ ನೋಡಿ ನಗುತ್ತಿದ್ದರು. ಮಾಸ್ತರರು ಮುಖ ಬಾಡಿಸಿಕೊಂಡು ನಿಂತಿದ್ದರು. ನನಗೆ ಹಿತವೆನಿಸಿತು.

ಆಗ ಸಂತೇಬೆನ್ನೂರಿನಿಂದ ಬಂದಿದ್ದ ಹೆಂಗಸೊಬ್ಬಳು ಹೊರಡಲೆಂದು ತನ್ನ ಚಪ್ಪಲಿ ಹುಡುಕತೊಡಗಿದಳು. "ಇಷ್ಟೊಂದ್ ಚಪ್ಲಿ ಅದಾವೆ. ಒಳಗೆ ನೋಡಿದ್ರೆ ಅಷ್ಟು ಮಂದಿ ಇಲ್ಲ. ಇವ್ರೆಲ್ಲ ಎಲ್ಲಿಗೋದ್ರು ಮೇಷ್ಟ್ರೇ?"

"ಕೊಂದ್ರು ತಾಯಿ," ಎಂದರು ಮಾಸ್ತರರು. "ಚಪ್ಲಿ ಬಿಡಿಸಿ ಕರ್ಕೊಂಡೋದ್ರು. ವಾಪಸ್ ಬರ್ಲಿಲ್ಲ."

"ಏನ್ ತಪ್ಪು ಮಾಡಿದ್ರಂತೆ?"

"ಏನೂ ಇಲ್ಲ. ಮೊದ್ಲು ಹಿಂಗೆ ಚಿತ್ರ ಬರ್ದು ನಕ್ರು. ಆಮೇಲೆ ಕೊಂದ್ರು."

ನಗುತ್ತಿದ್ದವರು ರಾಶಿಯಿಂದ ಹಿಂದೆ ಸರಿದರು. ಅವಳ ಕೈಗೆ ಒಂದು ಚಪ್ಪಲಿ ಸಿಕ್ಕಿತ್ತು; ಮೆಟ್ಟದೆ ಅದನ್ನು ಹಿಡಿದುಕೊಂಡೇ ನಿಂತಳು. ಶಾಲಾ ಇನ್ಸ್‌ಪೆಕ್ಟರರು ಕಾಲುಚೀಲದಲ್ಲೇ ನಿಂತು ಇದನ್ನೆಲ್ಲ ಕೇಳುತ್ತಿದ್ದರು. ಅವರ ಬೂಟುಗಳೂ ಅದೇ ರಾಶಿಯಲ್ಲಿದ್ದವು.

ನನ್ನ ವೃಕ್ಷದ ಕಡೆಗೆ ಅವರು ಬರಲೇ ಇಲ್ಲ.

"ನೀವು ಚೀಟಿ ಬರೀದಿದ್ದದ್ದೇ ಒಳ್ಳೇದಾತು ನೋಡ್ರಿ," ಎಂದರು ಮಾಸ್ತರರು, ಯಾವ ಕೊಂಕೂ ಇಲ್ಲದೆ. ನನ್ನ ಹೊಟ್ಟೆಕಿಚ್ಚು ಕೂಡ ಅವರ ಕೃತಿಗೇ ಗೊಬ್ಬರವಾಗಿತ್ತು.

ಸಂಜೆ, ತಮ್ಮ ಕೃತಿಯನ್ನು ತುಂಬಿ ಶಿವಮೊಗ್ಗಕ್ಕೆ ಕಳುಹಿಸುವ ಪೆಟ್ಟಿಗೆಯ ಮೇಲೆ ವಿಳಾಸ ಬರೆಯಲು ಮಾಸ್ತರರು ನನ್ನನ್ನೇ ಕರೆದರು. ದುಂಡಗೆ ಬರೆದೆ. ಮಸಿ ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.