ತೆಂಗಿನಕಾಯಿ ತೋರಿಸಿದ ಎಣ್ಣೆ

ಆ ನೀರಿನ ವಾಸನೆ ನನಗೆ ಈಗಲೂ ನೆನಪಿದೆ. ಆಗ ನಾನು ಗುಜರಾತಿನ ಎಣ್ಣೆ ಬಾವಿಗಳಲ್ಲಿ ಕೆಲಸಕ್ಕಿದ್ದೆ. ರಜೆಗೆಂದು ರಾಯಬಾಗದ ಹತ್ತಿರದ ನಮ್ಮ ತೋಟದ ಮನೆಗೆ ಬಂದರೆ, ಹೊಸ ಬೋರ್‌ವೆಲ್ಲಿಗೆ ಅರಿಶಿನ, ಕುಂಕುಮ, ಊದಿನಕಡ್ಡಿ!

"ಎಣ್ಣಿ ಹತ್ತೈತಲೇ ತಮ್ಮಾ," ಎಂದ ಅಣ್ಣ, ಪೈಪಿನ ಬಾಯಿಗೆ ಕಡ್ಡಿ ಗೀರಿ ಹಿಡಿದ. ಭಗ್ ಎಂದು ಉರಿ ಎದ್ದಿತು. "ಎಣ್ಣಿ ಕಂಪನಿ ಲಾರಿ ಬರಾಕ ದಾರಿ ಬೇಕಲ್ಲ, ನಾಳೆ ಹಳೇ ಬಾವಿ ಮುಚ್ಚಿಬಿಡ್ತೇನಿ."

ಮಣ್ಣು ತುಂಬಿದ ಟ್ರ್ಯಾಲಿ ಬಾವಿಯ ಬಳಿ ಆಗಲೇ ನಿಂತಿತ್ತು. ನಮ್ಮ ತೋಟದಲ್ಲಿ ಸಿಹಿ ನೀರು ಇದ್ದದ್ದು ಅದೊಂದರಲ್ಲೇ. ಬೋರ್ ಕೊರೆಸಿದಾಗಿನಿಂದ ಅದರ ನೀರು ಸೇದಬಾರದೆಂದು ಅತ್ತಿಗೆಗೆ ಅಣ್ಣನ ಅಪ್ಪಣೆಯಾಗಿತ್ತು.

ನಾನು ಸುತ್ತ ನೋಡಿದೆ. ಥೂ! ಬೋರ್ ಪಕ್ಕದಲ್ಲೇ ಗೋಬರ್ ಗ್ಯಾಸಿನ ಗುಂಡಿ. ಮನೆಯ ಪಾಯಿಖಾನೆಯ ಪೈಪೂ ಅದಕ್ಕೇ. ಗುಂಡಿಯ ಗೋಡೆ ಬಿರುಕು ಬಿಟ್ಟು ಎಲ್ಲ ಬೋರಿನೊಳಗೆ ಇಳಿಯುತ್ತಿತ್ತು.

"ಇಲ್ಲೇ ಯಾಕ ಕೊರಸಿದಿ?"

"ನೆಲದಾಗ ನೀರು ಎಲ್ಲೈತಿ ಅಂತ ನೋಡಾಂವನ ಅಂಗೈಯಾಗ ತೆಂಗಿನಕಾಯಿ ಇಲ್ಲೇ ಎದ್ದು ನಿಂತಿತು. ಸುಳ್ಳಾಕ್ಕೈತೇನ?"

ತಿಳಿಸಿ ಹೇಳಿದೆ. ಎಣ್ಣೆ ನೆಲದೊಳಗೆ ಕೆರೆಯಂತೆ ನಿಂತಿರುವುದಿಲ್ಲ; ತೊಯ್ದ ಇಟ್ಟಿಗೆಯಲ್ಲಿ ನೀರಿರುವಂತೆ, ಬಹಳ ಆಳದಲ್ಲಿ ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಇರುತ್ತದೆ. ಮೇಲೆ ಬಿಗಿಯಾದ ಕಲ್ಲಿನ ಮುಚ್ಚಳ. ಅದನ್ನು ಕೊರೆದಾಗ ಒಳಗಿನ ಒತ್ತಡವೇ ಎಣ್ಣೆ, ಗ್ಯಾಸು, ನೀರನ್ನು ಮೇಲಕ್ಕೆ ತಳ್ಳುತ್ತದೆ. ಅವನ್ನು ಬೇರೆ ಮಾಡಿ, ಗ್ಯಾಸು ಉರಿಸಿ ಕರೆಂಟು ತೆಗೆಯುತ್ತೇವೆ, ಎಣ್ಣೆಯನ್ನು ಶುದ್ಧಿಗೆ ಕಳಿಸುತ್ತೇವೆ.

"ಇದು ನಮ್ಮ ಹೊಲಸು ಕೊಳೆತು ಬಂದ ಗ್ಯಾಸು, ಅಣ್ಣಾ."

"ನಾಕು ಅಕ್ಷರ ಕಲ್ತು ನಮಗ ಶಾಣ್ಯಾತನ ಹೇಳ್ತಿ?" ಎಂದು ಹರಿಹಾಯ್ದ. ನನಗೂ ತಲೆ ಕೆಟ್ಟಿತು. ಆ ಬೋರಿನದೇ ಒಂದು ಗ್ಲಾಸು ನೀರು ಹಿಡಿದು ಅವನ ಮುಂದೆ ಚಾಚಿದೆ. "ಹಂಗಾದ್ರ ಕುಡಿ."

ಅವನ ಕೈಯಲ್ಲಿ ಅಂಗಡಿಯ ನೀರಿನ ಬಾಟಲಿಯಿತ್ತು. ಗ್ಲಾಸು ಮೂಗಿನ ಹತ್ತಿರ ಹೋಗುತ್ತಲೇ ಮುಖ ಕಿವಿಚಿ ದೂರ ತಳ್ಳಿದ. "ಥೂ, ನಾರ್ತೈತಿ."

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಆಗ ಬಾಯಿ ಬಿಟ್ಟಳು.

"ಕಾಸಿ ಕುಡೀರಿ, ವಾಸನಿ ಹೋಗ್ತೈತಿ ಅಂದ್ರಿ. ನಿಮ್ಮ ಅವ್ವಗ, ನಿಮ್ಮ ಮಕ್ಕಳಿಗೆ ಇಷ್ಟು ದಿನ ಇದನ್ನ ಕುಡಿಸೇನ್ರಿ. ಆವಾಗ ನಾರಲಿಲ್ಲೇನ್ರಿ?"

ಅಣ್ಣ ತಲೆ ತಗ್ಗಿಸಿದ. ಅವನ ಮುಖ ನೋಡಲು ನನಗೆ ಅಸಹ್ಯವಾಯಿತು. ಅತ್ತಿಗೆ ಕೊಡ, ಹಗ್ಗ ಎತ್ತಿಕೊಂಡು, ಮಣ್ಣಿನ ಟ್ರ್ಯಾಲಿಯನ್ನು ಸುತ್ತು ಹಾಕಿ ಹಳೇ ಬಾವಿಗೆ ನಡೆದಳು. ಯಾರೂ ತಡೆಯಲಿಲ್ಲ.