ಕಡೆಗೆ ಎತ್ತುವವನ ಪಾಲು

ಹಾವಗೆಪ್ಪನವರನ್ನು ನಾನು ಮೊದಲು ಕಂಡದ್ದು ಭಾಲ್ಕಿಯಲ್ಲಿ, ಶಾಲೆಯ ಮಾಸ್ತರನಾಗಿದ್ದ ನಾನು ಬಾಡಿಗೆಗಿದ್ದ ಮನೆಯ ಅಂಗಳದಲ್ಲಿ. ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷಗಳಾಗಿದ್ದವು, ನಮ್ಮದು ಇನ್ನೂ ಹೈದರಾಬಾದ್ ರಾಜ್ಯ. ಮನೆಯ ಯಜಮಾನರು ಅಣ್ಣತಮ್ಮಂದಿರಿಬ್ಬರು ಬೇರೆಯಾಗುವವರಿದ್ದರು. ಹೊಲ, ಎತ್ತು, ಹಂಡೆ ಎಲ್ಲವೂ ಇಬ್ಭಾಗವಾಗಿ, ಒಂದು ಬೀಸುಕಲ್ಲಿನ ಮೇಲೆ ಜಗಳ ನಿಂತಿತ್ತು. ಪಾಲು ಹಾಕಲು ಬಂದು ಕಂಬಳಿಯ ಮೇಲೆ ಕುಳಿತಿದ್ದ ಹಾವಗೆಪ್ಪನವರು ಬಹಳ ಹೊತ್ತು ಕೇಳಿ, ಕಡೆಗೆ ಹೇಳಿದರು: "ಮ್ಯಾಲಿನ ಕಲ್ಲು ಅಣ್ಣಗ, ಕೆಳಗಿನ ಕಲ್ಲು ತಮ್ಮಗ. ಈಗ ಯಾರ ಮನಿಯಾಗ ಬೀಸ್ತೀರಿ ಬೀಸ್ರಿ, ನಾ ನೋಡ್ತೇನಿ."

ಅಂಗಳದಲ್ಲಿದ್ದವರೆಲ್ಲ ನಕ್ಕರು. ಅವರೊಬ್ಬರೇ ನಗಲಿಲ್ಲ. ಮೂವತ್ತೈದರ ಆಸುಪಾಸಿನ ಆ ಮನುಷ್ಯನ ಕಣ್ಣಿನಲ್ಲಿ ದಿನವಿಡೀ ಗಾಡಿ ಹೊಡೆದವನ ದಣಿವಿತ್ತು. ಅದರ ಕಾರಣ ನನಗೆ ತಿಳಿದದ್ದು ಕೆಲವು ವರ್ಷಗಳ ಮೇಲೆ, ಅವರಿಂದಲೂ ಅವರ ಹೆಂಡತಿ ಗುರಮ್ಮನಿಂದಲೂ.

ಹಲಬರ್ಗಾದ ಆಚೆ ಇಪ್ಪತ್ತೆಂಟು ಮನೆಗಳ ಸಣ್ಣ ಊರು ಅವರದು. ಅವರ ತಂದೆಯ ಕಾಲದಿಂದಲೂ ಆ ಭಾಗದಲ್ಲಿ ಯಾರ ಮನೆ ಒಡೆದರೂ ಪಾಲು ಹಾಕಲು ಇವರ ಮನೆಗೇ ಕರೆ ಬರುತ್ತಿತ್ತು. ಕಟ್ಟಳೆ ಒಂದೇ. ಹಂಚುವುದರಲ್ಲಿ ತನಗೂ ಭಾಗವಿದ್ದರೆ, ಪಾಲು ಹಾಕಿದವನು ಎಲ್ಲರೂ ಎತ್ತಿದ ಮೇಲೆ ಉಳಿದದ್ದನ್ನು ಎತ್ತಬೇಕು. ಹಾಗಿದ್ದಾಗ ಕೈ ತಾನಾಗಿಯೇ ಸಮ ಹಂಚುತ್ತದೆ ಎಂದು ಹಾವಗೆಪ್ಪನವರು ನಂಬಿದ್ದರು.

ಪೊಲೀಸ್ ಕಾರ್ಯಾಚರಣೆ ನಡೆದ ವರ್ಷ ಊರಿನ ಅರ್ಧ ಹೊಲಗಳು ಬಿತ್ತನೆಯಾಗದೆ ಉಳಿದವು. ಮೊದಲು ನಿಜಾಮನ ಪರದ ರಜಾಕಾರರಿಗೆ ಹೆದರಿ ಒಂದಿಷ್ಟು ಜನ ಗಡಿ ದಾಟಿ ಶಿಬಿರ ಸೇರಿದ್ದರು. ಅವರು ಮರಳುವ ಹೊತ್ತಿಗೆ ಇನ್ನೊಂದಿಷ್ಟು ಜನ, ಮುಸಲ್ಮಾನರು, ಸೇಡಿಗೆ ಹೆದರಿ ಓಡಿದ್ದರು. ಹತ್ತಿ ಹಿಂಜುತ್ತಿದ್ದ ಮುಜೀಬೋದ್ದೀನ ಆ ದಿನಗಳಲ್ಲಿ ಬೀದರಿಗೆ ಹೋಗಿಬರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಅವನ ಹೆಂಡತಿ ಖುರ್ಷಿದ ಬೇಗಂ, ಮುದುಕಿ ತಾಯಿ ಮರಿಯಮಬೀ, ಮಕ್ಕಳು ಮತ್ತು ಸತ್ತ ತಮ್ಮನ ಮಕ್ಕಳು ಊರಿನಲ್ಲೇ ಉಳಿದರು.

ಚಳಿಗಾಲದಲ್ಲಿ ಭಾಲ್ಕಿಯಿಂದ ಸರಕಾರದ ಹದಿನಾಲ್ಕು ಚೀಲ ಜೋಳ ಬಂತು, ಊರವರೇ ಹಂಚಿಕೊಳ್ಳಲಿ ಎಂದು. ಚಾವಡಿಯ ಮುಂದೆ ಜನ ಕೂಡಿತು. ಹಾವಗೆಪ್ಪನವರು ಸೇರನ್ನು ಕೈಗೆ ತೆಗೆದುಕೊಂಡಾಗ, ಊರಿನ ಹಿರಿಯ ಮಲ್ಲಿಕಾರ್ಜುನಪ್ಪ ಕೇಳಿದರು: "ಎಷ್ಟು ಗುಂಪಿ ಹಾಕ್ತಿ?"

"ಇಪ್ಪತ್ತೆಂಟರಿ, ಕಾಕಾ."

"ಇಪ್ಪತ್ತೇಳು ಹಾಕು. ನನ್ನ ಮನಿ ಸುಟ್ಟವರ ಜಾತಿಗೆ ನನ್ನ ಕಣ್ಣ ಮುಂದ ಜೋಳ ಅಳೀಬ್ಯಾಡ."

ಮಲ್ಲಿಕಾರ್ಜುನಪ್ಪನವರ ಮನೆಯನ್ನು ರಜಾಕಾರರು ಸುಟ್ಟದ್ದು ನಿಜ. ಹಾವಗೆಪ್ಪನವರು ತಲೆಯ ರುಮಾಲು ಬಿಚ್ಚಿ ನೆಲಕ್ಕೆ ಹಾಸಿ ಹೇಳಿದರು: "ಆಗಲಿರಿ. ಇಪ್ಪತ್ತೇಳೇ ಹಾಕ್ತೇನಿ. ಆದರ ಇಪ್ಪತ್ತೆಂಟೂ ಮನಿಯವರು ಒಂದೊಂದು ಗುರುತು ಈ ರುಮಾಲಿನಾಗ ಹಾಕ್ರಿ. ಕಣ್ಣು ಮುಚ್ಚಿ ಎತ್ತೋಣು. ಕಡೀಕ ಯಾರ ಗುರುತು ಉಳೀತದ, ಆ ಮನಿಗೆ ಜೋಳ ಇಲ್ಲ."

ಜನರಲ್ಲಿ ಗುಜುಗುಜು ಎದ್ದಿತು. ಮುದುಕಿ ಲಲಿತಾಬಾಯಿ ಸೆರಗು ಜಾಡಿಸಿ ಎದ್ದಳು: "ನಂದೇ ಉಳದರ ನಾ ಏನು ಮಣ್ಣು ತಿನ್ನಲೇನೋ? ಇಪ್ಪತ್ತೆಂಟೇ ಹಾಕೋ ಮಾರಾಯಾ!"

ಇಪ್ಪತ್ತೆಂಟು ಗುಂಪಿಗಳಾದವು, ಒಂದರಂತೆ ಒಂದು. ಹಾವಗೆಪ್ಪನವರು ಕಡೆಗೆ ಉಳಿದ ಗುಂಪಿಯನ್ನು ಹೊತ್ತುಕೊಂಡು ಮನೆಗೆ ಬಂದರು. ಅಂದು ಅವರ ಮುಖದ ಮೇಲಿದ್ದ ಸಂತೋಷವನ್ನು ಗುರಮ್ಮ ಮುಂದೆಂದೂ ಕಾಣಲಿಲ್ಲವಂತೆ.

ನಲವತ್ತು ದಿನಗಳಾಗಿರಬೇಕು, ಮರಿಯಮಬೀ ತೀರಿಕೊಂಡಳು. ಮಣ್ಣು ಮುಗಿದ ಮರುದಿನ ಹಾವಗೆಪ್ಪನವರು ಮಾತಾಡಿಸಲೆಂದು ಹೋದರು. ಹೊಸ್ತಿಲ ಬಳಿ ಏಳು ಜೊತೆ ಕಣ್ಣುಗಳು ಅವರನ್ನು ನೋಡಿದವು. ಒಲೆ ತಣ್ಣಗಿತ್ತು.

"ಏನಾಗಿತ್ತವ್ವಾ ಮುದುಕಿಗೆ?"

"ಏನೂ ಆಗಿದ್ದಿಲ್ಲಣ್ಣಾ," ಎಂದಳು ಖುರ್ಷಿದ ಬೇಗಂ. "ಜೋಳ ಮುಗೀತು ನೋಡು, ಅವತ್ತಿನಿಂದ ನನಗ ಹಸಿವಿಲ್ಲ ಅಂದ್ಲು. ಸಿಕ್ಕಿದ್ದೆಲ್ಲಾ ಹುಡುಗರ ಕಡೆ ಸರಸ್ತಿದ್ಲು."

"ಮುಗೀತಾ? ಯಾವಾಗ?"

"ಹದಿನೆಂಟು ದಿನಕ್ಕ. ಎಂಟು ಮಂದಿ ಅಲ್ಲೇನು ನಾವು? ನಿನ್ನ ಕೈಯಾಗ ಮೋಸ ಇದ್ದಿಲ್ಲಣ್ಣಾ. ನೀ ಮನಿ ಎಣಿಸಿದಿ."

ಅವಳು ಅದನ್ನು ದೂರು ಎಂದು ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತೆಂದು ಹಾವಗೆಪ್ಪನವರು ನನ್ನೆದುರು ಎರಡು ಸಲ ಹೇಳಿದ್ದಾರೆ. ಅವರ ಮನೆಯಲ್ಲಿ ಉಣ್ಣುವವರು ಗಂಡಹೆಂಡಿರಿಬ್ಬರೇ. ಅವರ ಪಾಲಿನ ಜೋಳ ಇನ್ನೂ ಅರ್ಧ ಉಳಿದಿತ್ತು. ಅಂದೇ ಅದನ್ನು ಗುರಮ್ಮ ಬುಟ್ಟಿಯಲ್ಲಿ ಹೊತ್ತು ಖುರ್ಷಿದಳ ಮನೆಗೆ ಹಾಕಿಬಂದಳು.

ಬೇಸಗೆಯಲ್ಲಿ ಮತ್ತೆ ಹದಿನಾಲ್ಕು ಚೀಲ ಬಂತು. ಈ ಸಲ ಉಣ್ಣುವ ಬಾಯಿಗಳನ್ನು ಎಣಿಸಿ ಅಳೆಯುತ್ತೇನೆಂದು ಹಾವಗೆಪ್ಪನವರು ಚಾವಡಿಯಲ್ಲಿ ಹೇಳಿದಾಗ ಗದ್ದಲವೆದ್ದಿತು.

"ಅಂದ್ರ ಆಕಿಗೆ ನನಕಿಂತ ಹೆಚ್ಚು!" ಎಂದರು ಮಲ್ಲಿಕಾರ್ಜುನಪ್ಪ. "ಆರು ತಿಂಗಳು ಶಿಬಿರದಾಗ ಸತ್ತವರು ನಾವು, ಪಾಲು ಅವರಿಗೇನು?"

"ನಿಮ್ಮ ಮನಿ ಸುಟ್ಟದ್ದು ಖರೇ ಅದರಿ, ಕಾಕಾ. ಆ ಹುಡುಗರು ಸುಟ್ಟಿಲ್ಲಲ್ಲ."

ದೂರ ನಿಂತಿದ್ದ ಕೂಲಿಯ ನರಸಿಂಗ ಆಗ ಬಾಯಿ ಬಿಟ್ಟ. "ಯಪ್ಪಾ, ಬಾಯಿ ಎಣಸೂದು ಬರೋಬ್ಬರಿ ಅದ. ಆದರ ಮುಂದಿನ ದಸರಾಕ್ಕ ನಿಮ್ಮೆಲ್ಲರ ಹೊಲದಾಗ ತೆನಿ ಬರ್ತದ. ನಮ್ಮ ಹೊಲದಾಗ ಏನು ಬರ್ತದರಿ?"

"ನಿನಗ ಹೊಲ ಎಲ್ಲದಲೇ?" ಎಂದು ಯಾರೋ ಕೂಗಿದರು.

"ನಾನೂ ಅದನ್ನೇ ಕೇಳ್ಲಕತ್ತೀನ್ರಿ!"

ಹಾವಗೆಪ್ಪನವರು ಲೆಕ್ಕ ಹಾಕತೊಡಗಿದರು. ಸುಟ್ಟ ಮನೆಗೆ ಒಂದು ನ್ಯಾಯ, ಹಸಿದ ಹೊಟ್ಟೆಗೆ ಒಂದು ನ್ಯಾಯ, ಹೊಲವಿಲ್ಲದವನಿಗೆ ಮತ್ತೊಂದು. ಮೂರೂ ಸುಳ್ಳಲ್ಲ, ಜೋಳ ಮಾತ್ರ ಹದಿನಾಲ್ಕೇ ಚೀಲ. ಬಾಯಿಗಿಷ್ಟು ಎಂದು ಅಳೆದರು. ಹೊಲವಿಲ್ಲದ ಆರು ಮನೆಗಳಿಗೆ ಇಬ್ಬಿಬ್ಬರ ಪಾಲು ಹೆಚ್ಚು ಹಾಕಿದರು. ಮಲ್ಲಿಕಾರ್ಜುನಪ್ಪನವರಿಗೆ ಕೊಡಲು ತಮ್ಮ ಕೊಟ್ಟಿಗೆಯ ಹತ್ತು ಮರದ ತೊಲೆಗಳು ಮಾತ್ರ ಇವೆ, ಮನೆ ಕಟ್ಟಲು ಒಯ್ಯಿರಿ ಎಂದರು. ಗುಂಪಿಗಳು ಸಮನಾಗಿರಲಿಲ್ಲವಾದ್ದರಿಂದ ಗುರುತು ಎತ್ತುವಂತಿರಲಿಲ್ಲ. ಇದು ಇಂಥವರದು ಎಂದು ಒಂದೊಂದನ್ನೂ ಬೆರಳು ಮಾಡಿ ತೋರಿಸಬೇಕಾಯಿತು. ಅಲ್ಲಿಯವರೆಗೆ ಅವರು ಯಾರ ಕಡೆಗೂ ಬೆರಳು ಮಾಡಿದವರಲ್ಲ.

ಮಲ್ಲಿಕಾರ್ಜುನಪ್ಪ ತೊಲೆಗಳನ್ನು ಒಯ್ದರು, ಮಾತು ಬಿಟ್ಟರು. "ರಜಾಕಾರರ ಪಾಲುಗಾರ" ಎಂಬ ಹೆಸರು ಊರಲ್ಲೆಲ್ಲ ಓಡಾಡಿತು. ಎರಡು ವರ್ಷ ಒಬ್ಬರೂ ಅವರನ್ನು ಪಾಲಿಗೆ ಕರೆಯಲಿಲ್ಲ. ಖುರ್ಷಿದಳ ಏಳೂ ಮಂದಿ ಆ ಬೇಸಗೆ ದಾಟಿದರು. ಹಾಗಿದ್ದರೂ ಆ ಹಂಚಿಕೆ ಸರಿಯಾಗಿತ್ತೆ ಎಂದು ನಾನೊಮ್ಮೆ ಕೇಳಿದಾಗ, "ಗೊತ್ತಿಲ್ಲರಿ ಮಾಸ್ತರ. ಮೊದಲಿನದು ತಪ್ಪಿತ್ತು, ಅಷ್ಟು ಗೊತ್ತದ" ಎಂದಿದ್ದರು.

ಮತ್ತೆ ಕರೆ ಬರಲು ತೊಡಗಿದ ಮೇಲೆ ಅವರು ಬಂದ ದಿನವೇ ಅಂಗಳದಲ್ಲಿ ಕುಳಿತು ಪಾಲು ಮಾಡುವುದನ್ನು ಬಿಟ್ಟರು. ಭಾಲ್ಕಿಯ ಬೀಸುಕಲ್ಲಿನ ಸಲವೂ, ಆಮೇಲೆ ತಿಳಿಯಿತು, ಮೂರು ದಿನ ಮೊದಲೇ ಬಂದು, ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ ಆ ಮನೆಯ ಒಬ್ಬೊಬ್ಬರ ಬಳಿಯೂ ಕುಳಿತೆದ್ದಿದ್ದರು. ಒಂದು ದಿನದ ಕೆಲಸ ಅವರಿಗೆ ವಾರ ಹಿಡಿಯುತ್ತದೆ. ಕರೆದವರು ಬೇಸರಪಡುತ್ತಾರೆ, ಅವರೂ ಬೇಸರಪಡುತ್ತಾರೆ.

ಈಗ ಅವರಿಗೆ ಎಪ್ಪತ್ತು ದಾಟಿದೆ. ಗುರಮ್ಮ ಇಲ್ಲ. ಮೊಣಕಾಲು ಹಿಡಿದುಕೊಂಡೇ ಬಸ್ಸು ಹತ್ತುತ್ತಾರೆ. ಹೋದ ಸೋಮವಾರ ಔರಾದ ಕಡೆಯ ಎಕಂಬಾಕ್ಕೆ ಹೋಗಿದ್ದಾರೆ. ಮೂವರು ಅಣ್ಣತಮ್ಮಂದಿರು, ಸತ್ತ ಹಿರಿಯಣ್ಣನ ಹೆಂಡತಿ ಸುಭದ್ರಾಬಾಯಿ. ಒಂಟಿ ಹೆಂಗಸು, ಮಕ್ಕಳಿಲ್ಲ, ಎರಡೆಕರೆ ಕೊಟ್ಟರೆ ಸಾಕು ಎಂದು ಮೈದುನರ ವಾದ. ನಿನ್ನೆ ಆ ಊರಿನಿಂದ ಬಂದವರನ್ನು ವಿಚಾರಿಸಿದೆ. ಇನ್ನೂ ಪಾಲು ಹಾಕಿಲ್ಲವಂತೆ. ಮುಂಜಾನೆಯಿಂದ ಅವಳ ಪಡಸಾಲೆಯಲ್ಲಿ ಕುಳಿತು, ಅವಳ ಮೊರದೊಳಗಿನ ಜೋಳದಲ್ಲಿ ಹರಳು ಆರಿಸುತ್ತ, ಮದುವೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಅವಳು ಏನೇನು ಕೆಲಸ ಮಾಡಿದಳೆಂದು ಒಂದೊಂದಾಗಿ ಕೇಳುತ್ತಿದ್ದಾರಂತೆ. ಮೈದುನರು ಎರಡು ಸಲ ಬಂದು ಹೊರಗೆ ಕೆಮ್ಮಿ ಹೋದರಂತೆ.