ಯಲ್ಲಾಪುರದ ಗೋಲಿಗೆ ಮುಯ್ಯಾಳು

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಸಿದ್ದಾಪುರದ ಬಸ್ ನಿಲ್ದಾಣದಿಂದ ನಾವು ಹದಿಮೂರು ಹೆಂಗಸರು ಯಲ್ಲಾಪುರಕ್ಕೆ ಹೊರಟೆವು, ಫುಟ್‌ಬಾಲ್ ಆಡಲಿಕ್ಕೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಸ್ಸಿನ ಬೋರ್ಡು ಓದಲು ಅದರ ಮೂಗಿನ ಹತ್ತಿರಕ್ಕೇ ಹೋಗಬೇಕಾಯಿತು. ನನ್ನೂರು ಹಾವೇರಿಯ ಕಡೆ. ಅಲ್ಲಿ ಚಳಿ ಎಂದರೆ ಒಂದು ಶಾಲು. ಇಲ್ಲಿ ಶಾಲು, ಸ್ವೆಟರು, ಮಂಗನ ಟೋಪಿ ಮೂರನ್ನೂ ಏರಿಸಿಕೊಂಡು ನಿಂತಿದ್ದೆ. ಉಳಿದವರು ನನ್ನನ್ನು ನೋಡಿ ಮುಸಿಮುಸಿ ನಗುತ್ತಿದ್ದರು.

ನನ್ನ ಹೆಸರು ಗಿರಿಜಾ, ವಯಸ್ಸು ನಲವತ್ತೊಂದು, ಕೆಲಸ ಅಂಚೆ ಕಚೇರಿಯ ಕೌಂಟರಿನಲ್ಲಿ. ವರ್ಗವಾಗಿ ಸಿದ್ದಾಪುರಕ್ಕೆ ಬಂದು ಮೂರು ವರ್ಷವಾಯಿತು. ದಿನವಿಡೀ ಮುದ್ರೆ ಒತ್ತಿ ಗಟ್ಟಿಯಾದ ನನ್ನ ಕೈ ನೋಡಿ ತಂಡದವರು ಗೋಲ್ ಕೀಪರ್ ಮಾಡಿದರು, ಅದೂ ಎರಡನೆಯ ಕೀಪರ್. ಎರಡು ತಿಂಗಳಿಂದ ಸಂಜೆ ತಪ್ಪದೆ ಅಭ್ಯಾಸಕ್ಕೆ ಹೋಗಿದ್ದೆ. ಪಂದ್ಯದಲ್ಲಿ ಮಾತ್ರ ಒಂದು ನಿಮಿಷವೂ ಆಡಿರಲಿಲ್ಲ. ಬದಿಯಲ್ಲಿ ಕೂತು ನೀರಿನ ಬಾಟಲಿ ಕೊಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಇದು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕಿನ ಹೆಂಗಸರು ಭಾನುವಾರ ಭಾನುವಾರ ಆಡುವ ಲೀಗ್. ಯಾರಿಗೂ ಸಂಬಳವಿಲ್ಲ, ತರಬೇತುದಾರರಿಲ್ಲ. ಅಂಗನವಾಡಿಯವರು, ತೋಟದವರು, ಕಾಲೇಜಿನ ಹುಡುಗಿಯರು ಸೇರಿ ಆದ ತಂಡಗಳು. ಈ ದಿನ ಗೆದ್ದರೆ ನಾವು ಫೈನಲ್ಲಿಗೆ. ಡ್ರಾ ಆದರೂ ಸೋತರೂ ಮನೆಗೆ. ಫೈನಲ್ ಮುಂದಿನ ಭಾನುವಾರ ನಮ್ಮ ಸಿದ್ದಾಪುರದ ಮೈದಾನದಲ್ಲೇ ಇತ್ತು. ನಮ್ಮ ಮನೆಯವರು ಯಾರೂ ಇದುವರೆಗೆ ನಮ್ಮ ಆಟ ನೋಡಿದವರಲ್ಲ. ನಮ್ಮ ಮುಂಚೂಣಿ ಆಟಗಾರ್ತಿ ಸುಮಾಳ ಅತ್ತೆಯಂತೂ, “ಫೈನಲ್ ಆದ್ರೆ ಬತ್ತೆ, ಅದೆಂತ ಆಡ್ತಿ ಹೇಳಿ ನೋಡವು”, ಅಂದರೆ ನೋಡಬೇಕು, ಎಂದಿದ್ದರಂತೆ. ಅದಕ್ಕಾಗಿ ಸುಮಾ ವಾರದಿಂದ ನಿದ್ದೆಗೆಟ್ಟಿದ್ದಳು.

ನಮ್ಮ ಕ್ಯಾಪ್ಟನ್ ನಾಗವೇಣಿಗೆ ಇಪ್ಪತ್ತೊಂಬತ್ತು ವರ್ಷ, ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ. ಕ್ಯಾಪ್ಟನ್ ಎಂದರೆ ತೋಳಿಗೆ ಪಟ್ಟಿ ಕಟ್ಟಿಕೊಂಡು, ನಾಣ್ಯ ಚಿಮ್ಮಿಸುವಾಗ ಮುಂದೆ ನಿಲ್ಲುವವಳು ಎಂದು ನಾನು ತಿಳಿದಿದ್ದೆ. ಆ ದಿನ ಬಸ್ಸು ಹೊರಡುವ ಮೊದಲೇ ಅವಳು ಮೂವರ ಮನೆಗೆ ಫೋನು ಮಾಡಿ, ಒಬ್ಬಳ ಹರಿದ ಕಾಲುಚೀಲ ಹೊಲಿದು, ಎಲ್ಲರ ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಕಂಡಕ್ಟರಿಗೆ ತೋರಿಸಿ ಶೂನ್ಯ ದರದ ಟಿಕೆಟುಗಳನ್ನು ತಂದಿದ್ದಳು. ಕಂಡಕ್ಟರು ಚೆಂಡಿನ ಚೀಲ ನೋಡಿ, “ಇದಕ್ಕೆ ಲಗೇಜು ಹಾಕ್ಲಾ?” ಎಂದರು. ನಾಗವೇಣಿ, “ಇದ್ರೊಳಗೆ ಗಾಳಿ ಬಿಟ್ರೆ ಎಂತ ಇಲ್ಲೆ ಮಾರಾಯ್ರೆ” ಎಂದಳು. ಕಂಡಕ್ಟರು ನಕ್ಕು ಮುಂದೆ ಹೋದರು.

ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಸೂಜಿ ಚುಚ್ಚಿತೇ ಎಂದು ಕೇಳಿದೆ. ಉತ್ತರ ಕೊಟ್ಟವಳು ಪಕ್ಕದಲ್ಲಿದ್ದ ಸುಮಾ.

“ಅಡಿಕೆ ಸುಲಿಯೋ ಕತ್ತಿ ತಾಗಿದ್ದು ಗಿರಿಜಕ್ಕ. ಮೂರು ದಿನ ನಮ್ಮನೆಗೆ ಮುಯ್ಯಾಳಾಗಿ ಬಂದಿತ್ತು ನಾಗವೇಣಿ.”

ಮುಯ್ಯಾಳು ಎಂದರೆ ಕೆಲಸಕ್ಕೆ ಕೆಲಸ. ಇವತ್ತು ನಾನು ನಿನ್ನ ಮನೆಯಲ್ಲಿ ದುಡಿದರೆ ನಾಳೆ ನೀನು ನನ್ನ ಮನೆಗೆ. ಸುಗ್ಗಿಯಲ್ಲಿ ಸುಮಾಳನ್ನು ಒಂದು ಭಾನುವಾರ ಮನೆಯಿಂದ ಬಿಡಿಸಿಕೊಳ್ಳಲು ನಾಗವೇಣಿ ಮೂರು ಸಂಜೆ ಅವರ ಅಂಗಳದಲ್ಲಿ ಕೂತು ಅಡಿಕೆ ಸುಲಿದಿದ್ದಳು. ಇನ್ನೊಬ್ಬಳಿಗಾಗಿ ಮದುವೆಯ ಆರು ರವಿಕೆ ಹೊಲಿದುಕೊಟ್ಟಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಶಿರಸಿ ತಲುಪಿದಾಗ ಏಳೂವರೆ. ಅಲ್ಲಿನ ಹಾಸ್ಟೆಲಿನಲ್ಲಿರುವ ನರ್ಸಿಂಗ್ ಹುಡುಗಿಯೊಬ್ಬಳು ನಮ್ಮನ್ನು ಸೇರಿಕೊಂಡಳು, ಅಲ್ಲಿಗೆ ಹದಿನಾಲ್ಕು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬಿಸಿ ಬನ್ಸು, ಕಷಾಯ. ನಾನು ಮೂರನೆಯ ಬನ್ಸಿಗೆ ಕೈ ಹಾಕುತ್ತಿದ್ದಂತೆ ನಾಗವೇಣಿಯ ಕಣ್ಣು ಬಿತ್ತು. “ಗಿರಿಜಕ್ಕ, ಎರಡೇ.” ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ನಾನು ಬನ್ಸನ್ನು ತಟ್ಟೆಗೇ ಇಟ್ಟೆ.

ಶಿರಸಿಯಿಂದ ಯಲ್ಲಾಪುರಕ್ಕೆ ಐವತ್ತು ಕಿಲೋಮೀಟರು, ಬಸ್ಸಿಗೆ ಹೆಚ್ಚು ಕಡಿಮೆ ಒಂದೂಮುಕ್ಕಾಲು ಗಂಟೆ. ಉಮ್ಮಚಗಿ ದಾಟುವಾಗ ಬಿಸಿಲು ಬಂತು. ಆಮೇಲೆ ಬೇಡ್ತಿ ಹೊಳೆ. ಸೇತುವೆಯ ಎರಡೂ ಬದಿಗೆ ಕಾಡು ಗೋಡೆಯಂತೆ ಎದ್ದು ನಿಂತಿತ್ತು, ಕೆಳಗೆ ನೀರಿನ ಮೇಲೆ ಮಂಜು ಇನ್ನೂ ಬಿಟ್ಟಿರಲಿಲ್ಲ. ಬಯಲುಸೀಮೆಯ ನನಗೆ ಅಷ್ಟು ದೊಡ್ಡ ಹಸಿರನ್ನು ಒಟ್ಟಿಗೇ ನೋಡಿದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ನಾಗವೇಣಿ ಅದನ್ನು ನೋಡಲಿಲ್ಲ. ಅವಳು ಮಡಿಲಲ್ಲಿ ಕಾಗದವಿಟ್ಟುಕೊಂಡು ಆ ದಿನ ಆಡುವ ಹನ್ನೊಂದು ಹೆಸರು ಬರೆಯುತ್ತಿದ್ದಳು. ಬರೆದಾದ ಮೇಲೆ, ಹೊರಗೆ ಕೂರಬೇಕಾದ ಮೂವರ ಸೀಟಿಗೂ ತಾನೇ ಹೋಗಿ ಬಗ್ಗಿ ಹೇಳಿದಳು. ಬೇರೆಯವರ ಬಾಯಿಂದ ಅದು ನಮಗೆ ಗೊತ್ತಾಗಬಾರದಂತೆ.

“ಗಿರಿಜಕ್ಕ, ಇವತ್ತೂ ಹೊರಗೇ. ಬೇಜಾರು ಮಾಡ್ಕಳಡಿ.”

“ಬ್ಯಾಸರ ಏನಿಲ್ಲ ಬಿಡ್ರಿ” ಎಂದೆ. ಬೇಸರ ಇದ್ದೇ ಇತ್ತು.

ಯಲ್ಲಾಪುರದಲ್ಲಿ ಹೆದ್ದಾರಿಯ ಲಾರಿಗಳ ಸಾಲು ದಾಟಿ ಮೈದಾನಕ್ಕೆ ಹೋದರೆ, ಎದುರು ತಂಡದ ಕ್ಯಾಪ್ಟನ್ ಲೂಸಿ ಮೊಬೈಲು ಕಿವಿಗಿಟ್ಟುಕೊಂಡು ಅತ್ತಿಂದಿತ್ತ ತಿರುಗುತ್ತಿದ್ದಳು. ಲೂಸಿ ಹೆದ್ದಾರಿಯ ಪಕ್ಕದಲ್ಲಿ ಊಟದ ಹೋಟೆಲು ನಡೆಸುವವಳು, ದನಿ ಲಾರಿ ಹಾರ್ನಿಗೆ ಕಡಿಮೆಯಿಲ್ಲ. ಆ ದಿನ ಆ ದನಿ ಉಡುಗಿತ್ತು. ಅರಬೈಲ್ ಘಟ್ಟದಲ್ಲಿ ಮರದ ನಾಟಾ ತುಂಬಿದ ಲಾರಿಯೊಂದು ಮಗುಚಿ ರಸ್ತೆ ಬಂದ್ ಆಗಿತ್ತು. ಘಟ್ಟದ ಕೆಳಗಿನ ಊರುಗಳಿಂದ ಬರಬೇಕಾದ ಅವಳ ಆಟಗಾರ್ತಿಯರೆಲ್ಲ, ಕೀಪರ್ ಸಮೇತ, ಆಚೆ ಬದಿಗೆ ಸಿಕ್ಕಿಬಿದ್ದಿದ್ದರು.

“ನಮ್ದು ಆರೇ ಜನ ಇದ್ದೀವಿ ನಾಗವೇಣಿ” ಎಂದಳು ಲೂಸಿ. “ಏಳಿಲ್ದೆ ಆಟ ಶುರು ಮಾಡಂಗಿಲ್ಲ. ನೀವು ಗೆದ್ವಿ ಅಂತ ಬರ್ಕೊಂಡ್ಬಿಡಿ.”

ರೆಫರಿ ಶಿರಸಿಯಿಂದ ಬಂದಿದ್ದ ನಿವೃತ್ತ ದೈಹಿಕ ಶಿಕ್ಷಕರು. ಹತ್ತೂವರೆಯ ಪಂದ್ಯಕ್ಕೆ ಹನ್ನೊಂದರವರೆಗೆ ಕಾಯುವುದಾಗಿ ಹೇಳಿ ಮರದ ಕೆಳಗೆ ಕೂತರು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಬೆವರು ಹರಿಸದೆ ಫೈನಲ್ಲು! ಸುಮಾ ಆಗಲೇ ಅತ್ತೆಗೆ ಫೋನು ಮಾಡಲು ಮೊಬೈಲು ತೆಗೆದಿದ್ದಳು.

ನಾಗವೇಣಿ ಅವಳ ಕೈ ಹಿಡಿದಳು. “ತಡಿ. ಯಾರಿಗೂ ಹೇಳಡ.” ಲೀಗಿನ ನಿಯಮದ ಹಾಳೆ ತೆಗೆದು ರೆಫರಿಯ ಹತ್ತಿರ ಹೋದಳು. ಎದುರು ಕ್ಯಾಪ್ಟನ್ ಒಪ್ಪಿ ಸಹಿ ಹಾಕಿದರೆ, ಆಳು ಕಡಿಮೆಯಾದ ತಂಡ ಅತಿಥಿ ಆಟಗಾರರನ್ನು ಸೇರಿಸಿಕೊಳ್ಳಬಹುದೆಂದು ಅದರಲ್ಲೊಂದು ಸಾಲಿತ್ತು. ಅದನ್ನು ಯಾರೂ ಬಳಸಿದ್ದಿಲ್ಲ. ರೆಫರಿ ಕನ್ನಡಕ ಏರಿಸಿ ಎರಡು ಸಲ ಓದಿದರು. “ಆಗ್ತದೆ. ಆದರೆ ಸಹಿ ಹಾಕುವ ಮೊದಲು ಇನ್ನೊಮ್ಮೆ ಯೋಚಿಸಿ” ಎಂದರು.

ವಾಪಸು ಬಂದವಳು ನಮ್ಮನ್ನು ಸುತ್ತ ಕೂರಿಸಿಕೊಂಡಳು. “ನಮ್ಮಲ್ಲಿ ಹೊರಗೆ ಮೂರು ಜನ ಇದ್ದ. ಅವ್ರನ್ನ ಅಲ್ಲಿಗೆ ಕೊಡ್ತೆ. ಒಂಬತ್ತು ಒಂಬತ್ತು ಆಡನ.”

ಸುಮಾಳಿಗೆ ಸಿಟ್ಟು ನೆತ್ತಿಗೇರಿತು. “ನಿಂಗೆ ತಲೆ ಸರಿ ಇದ್ದಾ? ಗೆಲುವು ತಾನಾಗೇ ಮನೆಬಾಗಿಲಿಗೆ ಬೈಂದು!”

“ಬೈಂದು. ಫೈನಲ್‌ನಲ್ಲಿ ನಿಂತ್ಕಂಡು ನಿನ್ನ ಅತ್ತೆ ಕೇಳಿದ್ರೆ ಎಂತ ಹೇಳ್ತಿ? ಲಾರಿ ಮಗುಚಿದ್ದಕ್ಕೆ ಗೆದ್ಯ ಹೇಳಿಯಾ?” ನಾಗವೇಣಿಯ ದನಿ ಏರಲಿಲ್ಲ. “ಅವ್ರ ಮನೇಲಿ ಆಳು ಕಮ್ಮಿ ಬಿದ್ದಿದ್ದ. ಕಳ್ಸವು. ಅಷ್ಟೇ.”

ಅವಳು ನನ್ನ ಕಡೆ ತಿರುಗಿದಳು. “ಅವ್ರಿಗೆ ಕೀಪರ್ ಇಲ್ಲೆ. ಗಿರಿಜಕ್ಕ, ನಿಂಗನೇ ಹೋಗವು.”

“ನಾ ಒಲ್ಲೆರಿ! ನಮ್ಮವ್ರ ಚೆಂಡು ನಾನ ಹೆಂಗ ಹಿಡೀಲಿ?” ಎಂದು ಕಿರುಚಿದೆ.

“ಎರಡು ಕೈಲಿ ಹಿಡಿಯವು” ಎಂದಳು. ಆಮೇಲೆ ನಮ್ಮ ಮೂವರನ್ನೂ ಬದಿಗೆ ಕರೆದುಕೊಂಡು ಹೋಗಿ ಹೇಳಿದಳು: “ಮುಯ್ಯಾಳಾಗಿ ಹೋದ ಮನೇಲಿ ನಮ್ಮನೆ ಕೆಲ್ಸದ ಹಾಂಗೇ ಮಾಡವು. ಕೈ ಹಿಂದೆ ಹಿಡಿದ್ರೆ ಯಂಗೆ ಗೊತ್ತಾಗ್ತು.” ಯಂಗೆ ಎಂದರೆ ಇವರ ಮಾತಿನಲ್ಲಿ ನನಗೆ.

ನಾಗವೇಣಿ ಸಹಿ ಹಾಕಿದಳು, ಉಳಿದ ಹನ್ನೊಂದರಲ್ಲಿ ಇಬ್ಬರು ಹೊರಗೆ ಕೂತರು. ಹೀಗೆ ನನ್ನ ಜೀವನದ ಮೊದಲ ಪಂದ್ಯವನ್ನು ನಾನು ಯಲ್ಲಾಪುರದ ಹಳದಿ ಅಂಗಿ ತೊಟ್ಟು ನಮ್ಮವರ ವಿರುದ್ಧವೇ ಆಡಿದೆ. ಅಂಗಿ ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಅರ್ಧ ಗಂಟೆಯ ಎರಡು ಅವಧಿ. ಮೊದಲ ಅವಧಿಯಲ್ಲೇ ಲೂಸಿ ಗೋಲು ಹೊಡೆದಳು, ಓಡಿ ಬಂದು ನನ್ನನ್ನೂ ಎತ್ತಿ ಕುಣಿಸಿದಳು. ಕುಣಿಯಬೇಕೋ ಬಿಡಬೇಕೋ ಗೊತ್ತಾಗದೆ ನಾನು ಕಂಬದಂತೆ ನಿಂತಿದ್ದೆ. ಎರಡನೆಯ ಅವಧಿಯಲ್ಲಿ ಸುಮಾ ಹೊಡೆದ ಚೆಂಡು ನನ್ನ ತಲೆಯ ಮೇಲಿಂದ ಬಲೆಗೆ ಬಿತ್ತು. ಒಂದು–ಒಂದು. ಅದನ್ನು ನಾನು ಬೇಕೆಂದು ಬಿಡಲಿಲ್ಲ. ಕೈಗೆ ಎಟುಕಲಿಲ್ಲ, ಅಷ್ಟೇ.

ಮುಗಿಯಲು ಎರಡು ನಿಮಿಷವಿರುವಾಗ ಗೋಲಿನ ಹತ್ತಿರ ನಮ್ಮವಳೊಬ್ಬಳನ್ನು ಯಲ್ಲಾಪುರದವರು ಕೆಡವಿದರು. ರೆಫರಿ ಸೀಟಿ ಊದಿ ಪೆನಾಲ್ಟಿ ಕೊಟ್ಟರು. ಒದೆಯುವವಳು ಒಬ್ಬಳು, ತಡೆಯುವವಳು ಒಬ್ಬಳು, ನಡುವೆ ಹನ್ನೆರಡು ಗಜ. ಗೋಲಾದರೆ ಸಿದ್ದಾಪುರ ಫೈನಲ್ಲಿಗೆ. ನಮ್ಮ ಪೆನಾಲ್ಟಿ ಯಾವಾಗಲೂ ಸುಮಾಳದ್ದು. ಅವಳು ಮುಂದೆ ಬಂದು ಚೆಂಡನ್ನು ಇಟ್ಟಳು, ಸರಿಸಿದಳು, ಮತ್ತೆ ಇಟ್ಟಳು. ನಾಗವೇಣಿ ಅವಳ ಬೆನ್ನು ತಟ್ಟಿ ಹಿಂದೆ ಕಳಿಸಿ ಚೆಂಡನ್ನು ತಾನೇ ಎತ್ತಿಕೊಂಡಳು. ಸುಮಾ ಒದ್ದು ತಪ್ಪಿದ್ದರೆ ಅವಳ ಮನೆಯಲ್ಲಿ ಆ ಮಾತು ವರ್ಷವೆಲ್ಲ ನಡೆಯುತ್ತಿತ್ತು ಎಂದು ನನಗೆ ಹೊಳೆದದ್ದು ಆಮೇಲೆ.

ನಾಗವೇಣಿ ಎಲ್ಲಿಗೆ ಒದೆಯುತ್ತಾಳೆಂದು ನನಗೆ ಗೊತ್ತಿತ್ತು. ಅಭ್ಯಾಸದಲ್ಲಿ ಎರಡು ತಿಂಗಳು ಒಂದೇ ಮೂಲೆ, ನನ್ನ ಎಡಕ್ಕೆ, ನೆಲಕ್ಕೆ ಹತ್ತಿ. ನನಗೆ ಗೊತ್ತೆಂಬುದು ಅವಳಿಗೂ ಗೊತ್ತಿತ್ತು. ಬಲಕ್ಕೆ ಬಿದ್ದುಬಿಡು ಎಂದಿತು ಮನಸ್ಸು. ಬಿದ್ದರೆ ಯಾರು ಕೇಳುತ್ತಾರೆ? ಎರಡನೆಯ ಕೀಪರ್, ಮೊದಲ ಪಂದ್ಯ, ನಲವತ್ತೊಂದು ವರ್ಷ. ಅವಳು ಓಡಿ ಬಂದಳು. ನಾನು ಎಡಕ್ಕೆ ಹಾರಿದೆ. ಚೆಂಡು ಅಂಗೈಗೆ ಅಪ್ಪಳಿಸಿ, ಕಂಬಕ್ಕೆ ತಾಗಿ ಹೊರಗೆ ಹೋಯಿತು. ಎದ್ದು ನೋಡುವಷ್ಟರಲ್ಲಿ ಯಲ್ಲಾಪುರದವರೆಲ್ಲ ನನ್ನ ಮೇಲೆ ಬಿದ್ದಿದ್ದರು. ಅವರ ತೋಳುಗಳ ಸಂದಿಯಿಂದ ನೋಡಿದೆ: ನಾಗವೇಣಿ ಸೊಂಟದ ಮೇಲೆ ಕೈಯಿಟ್ಟು ಒಂದು ಕ್ಷಣ ಆಕಾಶ ನೋಡಿದಳು, ಆಮೇಲೆ ತನ್ನವರನ್ನು ಜಾಗಕ್ಕೆ ಕಳಿಸತೊಡಗಿದಳು. ಎರಡು ನಿಮಿಷದ ನಂತರ ಆಟ ಮುಗಿಯಿತು. ನಮ್ಮ ಫೈನಲ್ಲೂ ಮುಗಿಯಿತು.

ಲೂಸಿ ನಮ್ಮನ್ನು ಹಾಗೇ ಕಳಿಸಲಿಲ್ಲ. ಅವಳ ಹೋಟೆಲಿನಲ್ಲಿ ಊಟ: ಅನ್ನ, ಬೇಳೆ ಸಾರು, ಬೇಕೆಂದವರಿಗೆ ಮೀನು. ನಮ್ಮವರು ನನ್ನ ಪಕ್ಕ ಬಿಟ್ಟು ಬೇರೆ ಬೆಂಚುಗಳಲ್ಲಿ ಕೂತರು. ಎರಡು ಗಂಟೆಯ ಶಿರಸಿ ಬಸ್ಸಿನಲ್ಲೂ ಹಾಗೇ. ಸುಮಾ ಕಿಟಕಿಯ ಕಡೆ ಮುಖ ಮಾಡಿದವಳು ತಿರುಗಲೇ ಇಲ್ಲ.

ಬಸ್ಸು ಊರು ದಾಟಿದ ಮೇಲೆ ನಾಗವೇಣಿ ಎದ್ದು ನಡುವೆ ನಿಂತಳು. “ಯಾರ್ಯಾರಿಗೆ ಸಿಟ್ಟಿದ್ದು? ಗಿರಿಜಕ್ಕನ ಕಳ್ಸಿದ್ದು ಆನು, ಪೆನಾಲ್ಟಿ ತಪ್ಪಿಸ್ಕಂಡದ್ದೂ ಆನು. ಬಯ್ಯೋದಿದ್ರೆ ಯಂಗೆ ಬಯ್ರಿ.” ಸ್ವಲ್ಪ ಹೊತ್ತಿಗೆ ಸುಮಾ ತನ್ನ ಬಾಟಲಿಯ ನೀರನ್ನು ಹಿಂದಕ್ಕೆ, ನನ್ನ ಕಡೆ ಚಾಚಿದಳು.

ನಾಗವೇಣಿ ಬಂದು ನನ್ನ ಪಕ್ಕ ಕೂತಳು. ಬೇಡ್ತಿ ಸೇತುವೆ ದಾಟುವಾಗ ನೋಡಿದರೆ ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಸದ್ದಿಲ್ಲದೆ. ಆ ಫೈನಲ್ಲು ಅವಳಿಗೆ ಎಷ್ಟು ಬೇಕಿತ್ತೆಂದು ನನಗೆ ಆಗ ತಿಳಿಯಿತು. ಬೆಳಿಗ್ಗೆ ಸಹಿ ಹಾಕುವಾಗಲೂ ಅಷ್ಟೇ ಬೇಕಿತ್ತು. ಗೊತ್ತಿದ್ದೂ ಹಾಕಿದ್ದಳು. ಅಂಥ ಮನುಷ್ಯರನ್ನು ನಾನು ಹತ್ತಿರದಿಂದ ಕಂಡಿರಲಿಲ್ಲ.

“ಆ ಚೆಂಡು ನಾ ಬಿಟ್ಟಬಿಡಬೇಕಾಗಿತ್ತೇನ್ರಿ?” ಎಂದು ಮೆಲ್ಲಗೆ ಕೇಳಿದೆ.

ಅವಳು ಸರಕ್ಕನೆ ತಿರುಗಿದಳು. ಇಡೀ ದಿನದಲ್ಲಿ ಅವಳಿಗೆ ಸಿಟ್ಟು ಬಂದದ್ದು ಆಗ ಮಾತ್ರ. “ಬಿಟ್ಟಿದ್ರೆ ನಾಚ್ಕೆಯಿಂದ ಅಳ್ತಿದ್ದೆ. ಈಗ ಗೆಲ್ಲಲಿಲ್ಲೆ ಹೇಳಿ ಅಳ್ತಾ ಇದ್ದೆ, ಅಷ್ಟೇ. ಇದು ಕಮ್ಮಿ ಆಗ್ತು.” ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು: “ಶಿರಸಿ ಬಪ್ಪ ತನಕ ಅಳ್ತೆ, ಬಿಡಿ. ಅಲ್ಲಿ ಇಳಿದು ಎಲ್ಲರ್ನೂ ಎಣಿಸವು.”

ನಾನು ಕಿಟಕಿ ಬದಿಯ ಜಾಗ ಅವಳಿಗೆ ಬಿಟ್ಟುಕೊಟ್ಟೆ.

ಶಿರಸಿಯ ಮನೆಗಳು ಕಾಣಿಸುತ್ತಿದ್ದಂತೆ ಅವಳು ಬಾಟಲಿಯ ನೀರಿನಿಂದ ಮುಖ ತೊಳೆದು, ಜಡೆ ಬಿಗಿದು, ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಹೋಗಿ ನಿಂತಳು. ಒಬ್ಬೊಬ್ಬರ ಹೆಸರು ಹೇಳುತ್ತ ಕೈ ಹಿಡಿದು ಇಳಿಸಿಕೊಂಡಳು. ನಾನು ಹದಿನಾಲ್ಕನೆಯವಳು. ನಾನು ಚಾಚಿದ ಕೈಯನ್ನು ಒಮ್ಮೆ ನೋಡಿದಳು. ಅಂಗೈ ಊದಿ ಕೆಂಪಾಗಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೈ ಬಿಟ್ಟು ಮೊಣಕೈ ಹಿಡಿದು ನನ್ನನ್ನು ನಿಧಾನಕ್ಕೆ ಇಳಿಸಿ, ಸಿದ್ದಾಪುರದ ಬಸ್ಸು ಎಷ್ಟು ಹೊತ್ತಿಗೆಂದು ಕೇಳಲು ಹೋದಳು.